ಚಪಡನ ತೋಟಕ್ಕೆ ನಮ್ಮ ಸೈಕಲ್ ಯಾತ್ರೆ

ದೂರದ ಕ್ಷೇತ್ರಗಳನ್ನು ಕಣ್ತುಂಬ ನೋಡಿ ಬಂದವರೂ ಮನೆಯ ಹಿತ್ತಿಲಿನಲ್ಲಿರುವುದನ್ನು ನೋಡದೆ ಉಳಿಯುವುದುಂಟು. ನಾವು ಆ ಗುಂಪಿಗೆ ಸೇರಿದವರು. ಕಾಶಿ, ಶ್ರೀಶೈಲ, ಕೂಡಲಸಂಗಮ, ಬಸವಕಲ್ಯಾಣಗಳ ದರ್ಶನ ನಮಗೆ ಎಂದೋ ಲಭಿಸಿತ್ತು. ಆದರೆ ಚಳ್ಳಕೆರೆಯಿಂದ ಒಂದು ದಿನದ ದಾರಿಯಲ್ಲಿರುವ ಚಪಡನ ತೋಟವನ್ನು ನೋಡಲು ನಮಗೆ ಐವತ್ತು ವರ್ಷಗಳೇ ಬೇಕಾದವು.

ಚಪಡನ ತೋಟವೆಂಬ ಹೆಸರು ಯಾವ ನಕಾಶೆಯಲ್ಲಿಯೂ ಇಲ್ಲ. ಅದು ನಮ್ಮ ತೀರ್ಥರೂಪರು ಇಟ್ಟ ಹೆಸರು. ಅವರು ಚಳ್ಳಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದವರು. ಇತಿಹಾಸದ ಪಾಠ ಬಂದಾಗಲೆಲ್ಲ, "ಮಳೆಯಿಲ್ಲದ ನಮ್ಮ ಸೀಮೆಯಲ್ಲಿ ಎರಡು ಸಾವಿರ ವರ್ಷಗಳಿಂದ ಬಾಡದ ತೋಟವೊಂದಿದೆ. ಅದನ್ನು ನೆಟ್ಟವನು ಚಪಡನೆಂಬ ಮಹಾಕಲಾವಿದ. ಬೇಸಿಗೆ ರಜೆಯಲ್ಲಿ ನಿಮ್ಮನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿ ತೋರಿಸುತ್ತೇನೆ" ಎನ್ನುತ್ತಿದ್ದರು. ಮಕ್ಕಳಾದ ನಾವು ಆ ತೋಟದಲ್ಲಿ ಮಾವು, ಸೀಬೆ, ದಾಳಿಂಬೆಗಳನ್ನು ಕಲ್ಪಿಸಿಕೊಂಡು ಬಾಯಿ ಚಪ್ಪರಿಸುತ್ತಿದ್ದೆವು. ಬೇಸಿಗೆಗಳು ಬಂದವು, ಹೋದವು. ಒಂದು ವರ್ಷ ಜನಗಣತಿ, ಇನ್ನೊಂದು ವರ್ಷ ಬರಗಾಲ, ಮತ್ತೊಂದು ವರ್ಷ ಅಕ್ಕನ ಮದುವೆಯ ಸಾಲ. ತೋಟ ಹಾಗೆಯೇ ಉಳಿಯಿತು.

ತಂದೆಯವರು ಲಿಂಗೈಕ್ಯರಾದ ಮೇಲೆ ನಮ್ಮಿಬ್ಬರು ಸಹೋದರರ ನಡುವೆ ಮಾತು ನಿಂತುಹೋಯಿತು. ಕಾರಣವನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಒಂದು ಕೊಳವೆಬಾವಿ, ಅದರ ನೀರು ಹಾಯುವ ಮೂರು ಎಕರೆ ನೆಲ, ಅಷ್ಟೆ. ಹನ್ನೊಂದು ತಿಂಗಳು ಒಂದೇ ಬೀದಿಯಲ್ಲಿ ವಾಸಿಸುತ್ತ ಮುಖ ತಿರುಗಿಸಿ ನಡೆದೆವು. ಪಂಚಾಯಿತಿಗೆ ಕೂರಲು ಹಿರಿಯರು ಮುಂದೆ ಬಂದರು, ನಾವು ಒಪ್ಪಲಿಲ್ಲ. ಆಗ ನಮ್ಮ ತಾಯಿಯವರು ಇಬ್ಬರನ್ನೂ ಕರೆಸಿ, "ನೀರಿನ ಮಾತು ನನಗೆ ಬೇಡ. ನಿಮ್ಮಪ್ಪ ನಿಮಗೆ ಕೊಟ್ಟ ಮಾತೊಂದು ಬಾಕಿ ಉಳಿದಿದೆ. ವರ್ಷದ ಸ್ಮರಣೆ ಬರುವುದರೊಳಗೆ ಅದನ್ನು ತೀರಿಸಿ ಬನ್ನಿ. ಹೋಗುವುದು ಅವರ ಸೈಕಲ್ಲಿನಲ್ಲಿಯೇ" ಎಂದರು. ತಾಯಿಯ ಮಾತಿಗೆ ಇಲ್ಲವೆನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ. ತಂದೆಯವರ ಹಳೆಯ ಸೈಕಲ್ಲು ನಮ್ಮಲ್ಲಿ ಹಿರಿಯರ ಪಾಲಿಗೆ ಬಂದಿತು. ಕಿರಿಯರು ತಮ್ಮ ಮಗನ ಗೇರು ಸೈಕಲ್ಲನ್ನು ಕೇಳಿ ಪಡೆದರು.

ಮಾರ್ಗಶಿರದ ಒಂದು ನಸುಕಿನಲ್ಲಿ ಪೂಜೆ ಮುಗಿಸಿ, ಭಸ್ಮ ಧರಿಸಿ ಹೊರಟೆವು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಇದ್ದವು. ಶೇಂಗಾ ಎಂದೊಡನೆ ನಮ್ಮ ಊರಿನ ಮಾತು ಬರಲೇಬೇಕು. ಚಳ್ಳಕೆರೆ ಎಣ್ಣೆನಗರಿಯೆಂದು ಹೆಸರಾದ ಊರು. ಕಡಲೆಕಾಯಿಯ ಗಾಣ, ಗಿರಣಿಗಳು ಇಲ್ಲಿ ತಲೆಮಾರುಗಳಿಗೆ ಅನ್ನ ಕೊಟ್ಟಿವೆ. ಕುರಿಯ ಉಣ್ಣೆಯ ಕರಿಯ ಕಂಬಳಿಯೂ ಈ ಸೀಮೆಯ ಹೆಮ್ಮೆ. ಈಚೆಗೆ ವಿಜ್ಞಾನವೂ ಇಲ್ಲಿ ನೆಲೆಸಿದೆ. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯು ರೆಕ್ಕೆಯುಳ್ಳ ಒಂದು ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಅದು ಚಾಲಕನಿಲ್ಲದೆ ತಾನಾಗಿ ಬಂದು ನಮ್ಮ ತಾಲ್ಲೂಕಿನ ನೆಲದ ಮೇಲೆ ಸುರಕ್ಷಿತವಾಗಿ ಇಳಿಯಿತು. ಅಂತಹ ನೆಲದಲ್ಲಿ ಇಬ್ಬರು ಚಾಲಕರಿದ್ದೂ ನಮ್ಮ ಎರಡು ಸೈಕಲ್ಲುಗಳು ಒಂದು ದಿನ ನೆಟ್ಟಗೆ ನಡೆಯಲಿಲ್ಲವೆಂಬುದನ್ನು ಓದುಗ ಬಂಧುಗಳು ಮುಂದೆ ಕಾಣುವಿರಿ.

ಬಳ್ಳಾರಿಯ ಹೆದ್ದಾರಿ ಹಿಡಿದು ಉತ್ತರಕ್ಕೆ ಸಾಗಿದೆವು. ಹಳೆಯ ಸೈಕಲ್ಲಿನ ಡೈನಮೋ ದೀಪ ಊರ ಗಡಿಯಲ್ಲಿಯೇ ಆರಿಹೋಯಿತು. ಬೆಳಕಾಗುವವರೆಗೆ ರಸ್ತೆಯ ಅಂಚಿನಲ್ಲಿ ತಳ್ಳಿಕೊಂಡು ನಡೆದೆವು. ಸೂರ್ಯನೊಡನೆ ಗಾಳಿಯೂ ಎದ್ದಿತು. ಚಳಿಗಾಲದಲ್ಲಿ ಬಯಲುಸೀಮೆಯ ಗಾಳಿ ಈಶಾನ್ಯದಿಂದ ಬೀಸುತ್ತದೆ. ಅಂದರೆ ಹೋಗುವವರ ಎದೆಗೆ ನೇರ. ಹತ್ತು ಸಲ ತುಳಿದರೆ ಐದು ಸಲದ ದಾರಿ ಸಾಗಿದಂತೆ. ಮಾತನಾಡದಿರಲು ಗಾಳಿ ಒಳ್ಳೆಯ ನೆಪವಾಯಿತು. ಒಬ್ಬರು ಮುಂದೆ, ಒಬ್ಬರು ಹಿಂದೆ, ನಡುವೆ ಒಂದು ಫರ್ಲಾಂಗು.

ತಳಕು ಇನ್ನೂ ದೂರವಿರುವಾಗ ಗೇರು ಸೈಕಲ್ಲಿನ ಮುಂದಿನ ಚಕ್ರಕ್ಕೆ ಜಾಲಿಯ ಮುಳ್ಳು ಹೊಕ್ಕಿತು. ಪಂಕ್ಚರ್ ಪೆಟ್ಟಿಗೆ ಇದೆಯೆಂಬ ಧೈರ್ಯದಿಂದ ಬಿಚ್ಚಿದರೆ, ಅಂಟಿನ ಕೊಳವೆ ಒಣಗಿ ಕಡ್ಡಿಯಾಗಿತ್ತು. ಹಿರಿಯರು ನಿಲ್ಲದೆ ಮುಂದೆ ಹೋಗಿದ್ದರು. ಕಿರಿಯರು ತಳಕಿನವರೆಗೆ ನಡೆದೇ ಬಂದರು. ಅಲ್ಲಿ ಬೇವಿನ ಮರದ ಕೆಳಗೆ ಪಂಕ್ಚರ್ ಅಂಗಡಿಯೊಂದರ ಮುಂದೆ ಹಿರಿಯರು ಕುಳಿತಿದ್ದರು. ಅವರ ಹಿಂದಿನ ಚಕ್ರದ ಗಾಳಿಯೂ ಹೋಗಿತ್ತು. ಅಂಗಡಿಯ ಹುಡುಗ ಟ್ಯೂಬನ್ನು ನೀರಿನ ಬಾಂಡಲಿಯಲ್ಲಿ ಮುಳುಗಿಸಿ ಗುಳ್ಳೆಗಳನ್ನು ಎಣಿಸಿ, "ಇದರಲ್ಲಿ ಮೂರು, ಅದರಲ್ಲಿ ಎರಡು" ಎಂದು ತೀರ್ಪು ಕೊಟ್ಟನು. ಇಬ್ಬರ ನಡುವೆ ಅಂದು ಮೂಡಿದ ಮೊದಲ ಮಾತು ಅಲ್ಲಿಯೇ ಹುಟ್ಟಿತು: "ಚಿಲ್ಲರೆ ಇದೆಯೇ?"

ಕಾಯುವಾಗ ತಳಕಿನ ಬೀದಿಯನ್ನು ನೋಡುತ್ತ ಕುಳಿತೆವು. ಪ್ರೊಫೆಸರ್ ಟಿ. ಎಸ್. ವೆಂಕಣ್ಣಯ್ಯನವರ ಮನೆತನದ ಊರು ಇದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರಾದವರು ಅವರು. ಕುವೆಂಪು ಅವರು ತಮ್ಮ ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಆ ಗುರುಗಳಿಗೇ ಅರ್ಪಿಸಿದರು. ದುರ್ಗದ ಪಾಳೆಯಗಾರರ ಕಥೆಗಳನ್ನು ಕಾದಂಬರಿಗಳಲ್ಲಿ ಬರೆದ ತ. ರಾ. ಸುಬ್ಬರಾಯರೂ ಈ ಮನೆತನದವರೇ. ಮುಳ್ಳುಗಿಡ, ಕಲ್ಲುಬಂಡೆಗಳ ಈ ಸೀಮೆ ಅಕ್ಷರದ ಬೆಳೆಯಲ್ಲಿ ಮಾತ್ರ ಎಂದೂ ಬರಡಾಗಿಲ್ಲ ಎಂದು ತಂದೆಯವರು ಹೇಳುತ್ತಿದ್ದುದು ಇಬ್ಬರಿಗೂ ನೆನಪಾಗಿರಬೇಕು. ಆದರೆ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಾವು ಹಾಗೆ ಕುಳಿತಿದ್ದಾಗ ಬೀದಿನಾಯಿಯೊಂದು ಕ್ಯಾರಿಯರಿನಲ್ಲಿದ್ದ ಬುತ್ತಿಯ ಗಂಟನ್ನು ಕಚ್ಚಿಕೊಂಡು ಜಾಲಿಯ ಮೆಳೆಯೊಳಗೆ ಮಾಯವಾಯಿತು. ರೊಟ್ಟಿಯೂ ಹೋಯಿತು, ಮೊಸರನ್ನವೂ ಹೋಯಿತು.

ಇದೇ ಸೀಮೆಯ ನಾಯಕನಹಟ್ಟಿಯಲ್ಲಿ ಶ್ರೀ ತಿಪ್ಪೇರುದ್ರಸ್ವಾಮಿಗಳ ಪುಣ್ಯಕ್ಷೇತ್ರವಿದೆ. ಕೆರೆಗಳನ್ನು ಕಟ್ಟಿಸಿ, ದುಡಿದವನಿಗೆ ದುಡಿದಷ್ಟು ಫಲವೆಂಬ ನೀತಿಯನ್ನು ಜನರ ಬಾಯಿಗೆ ಕೊಟ್ಟ ಮಹಾಮಹಿಮರು ಅವರು. ಕೆರೆಯ ನೀರು ಇಡೀ ಊರಿನದೆಂದು ಬಾಳಿದ ಆ ಸ್ವಾಮಿಗಳ ಸೀಮೆಯಲ್ಲಿ, ಒಂದು ಕೊಳವೆಬಾವಿಯ ನೀರಿಗಾಗಿ ಮಾತು ಬಿಟ್ಟ ಇಬ್ಬರು ಹಸಿದ ಹೊಟ್ಟೆಯಲ್ಲಿ ಮುಂದೆ ಸಾಗಿದರು.

ಬಿ. ಜಿ. ಕೆರೆಯನ್ನು ದಾಟಿದ ಮೇಲೆ ಹಿರಿಯರ ಮಂಡಿ ನೋಯತೊಡಗಿತು. ಕಿರಿಯರು ಗೇರು ಬದಲಿಸಿ ಮುಂದೆ ಹೋದರು. ಹಾನಗಲ್ಲಿನ ಬಳಿ ಹೆದ್ದಾರಿಯನ್ನು ಬಿಟ್ಟು ಮೊಳಕಾಲ್ಮೂರಿನ ಕಡೆಗೆ ತಿರುಗಿದಾಗ ಹಿಂದೆ ನೋಡಿದರೆ ರಸ್ತೆ ಬರಿದಾಗಿತ್ತು. ಕಿರಿಯರು ಅಲ್ಲಿ ನಿಂತದ್ದು ಐದು ನಿಮಿಷವಿರಬಹುದು. ಮುಂದೆ ಹೋದರೆ ಕೇಳುವವರಿಲ್ಲ. ಮನೆಯಲ್ಲಿ ಹೇಳಲು ಕಾರಣವೂ ಸಿದ್ಧವಿತ್ತು. ಆದರೆ ಹೋಗಲಾಗಲಿಲ್ಲ. ಆ ಸೈಕಲ್ಲಿನ ಕಬ್ಬಿಣದ ಅಡ್ಡಕಂಬಿಯ ಮೇಲೆ ಟವೆಲ್ಲು ಸುತ್ತಿಸಿಕೊಂಡು ಕಿರಿಯರು, ಹಿಂದಿನ ಕ್ಯಾರಿಯರಿನಲ್ಲಿ ಹಿರಿಯರು, ನಡುವೆ ತಂದೆಯವರು, ಹೀಗೆ ಮೂವರೂ ಶಾಲೆಗೆ ಹೋಗುತ್ತಿದ್ದ ದಿನಗಳು ಕಣ್ಣಿಗೆ ಕಟ್ಟಿದವು. ಕಿರಿಯರು ಸೈಕಲ್ಲನ್ನು ತಿರುಗಿಸಿದರು.

ಎರಡು ಮೈಲಿ ಹಿಂದೆ ಹಿರಿಯರು ಹುಣಸೆಮರದ ಕೆಳಗೆ ತುಂಡಾದ ಚೈನನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು. "ನೀನು ಹೋಗಬಹುದಿತ್ತು" ಎಂದರು. "ತೋಟ ಇಬ್ಬರದ್ದೂ ಅಲ್ಲವೇ?" ಎಂದರು ಕಿರಿಯರು. ಹಗ್ಗವಿರಲಿಲ್ಲ. ತಂದೆಯವರ ಹಳೆಯ ಶಲ್ಯವೊಂದು ಹಿರಿಯರ ಹೆಗಲ ಮೇಲಿತ್ತು. ಅದನ್ನೇ ಹುರಿಮಾಡಿ ಹೆದ್ದಾರಿಯಲ್ಲಿ ಸೈಕಲ್ಲುಗಳನ್ನು ತಳ್ಳಿಕೊಂಡು ಬಂದು, ವಾಹನಗಳು ವಿರಳವಾದ ಒಳದಾರಿ ಸಿಕ್ಕೊಡನೆ ಎರಡು ಸೈಕಲ್ಲುಗಳಿಗೂ ಕಟ್ಟಿದೆವು. ಮುಂದಿನವರು ತುಳಿದರು, ಹಿಂದಿನವರು ಹ್ಯಾಂಡಲ್ ಹಿಡಿದು ಹಿಂಬಾಲಿಸಿದರು. ಎರಡು ಸಲ ಚರಂಡಿಗೆ ಬಿದ್ದೆವು. ಮೂರನೆಯ ಸಲ ಬಿದ್ದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಊರ ಹೆಸರಿನಲ್ಲಿಯೇ ಮೊಳಕಾಲು ಮುರಿಯುವ ಎಚ್ಚರಿಕೆ ಇರುವಾಗ ನಾವು ಯಾರನ್ನು ದೂರಬೇಕು!

ಮೊಳಕಾಲ್ಮೂರಿನಲ್ಲಿ ಚೈನು ಜೋಡಿಸಲು ಒಂದು ಗಂಟೆ ಬೇಕೆಂದರು. ಬಿಸಿಲಿಗೆ ಬಳಲಿ ಒಂದು ಮನೆಯ ಜಗಲಿಯಲ್ಲಿ ಕುಳಿತೆವು. ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಮನೆಯೊಡತಿ ನೀರು ಕೊಟ್ಟು, ನಮ್ಮ ಮುಖ ನೋಡಿ, ಕೇಳದೆಯೇ ಎರಡು ತಟ್ಟೆ ಇಟ್ಟರು. ಮುದ್ದೆ, ಸೊಪ್ಪಿನ ಸಾರು. ಯಾರು, ಯಾವ ಊರು ಎಂದು ಕೇಳಿದ್ದು ಉಂಡ ಮೇಲೆ. ದಾಸೋಹವೆಂಬ ಮಾತನ್ನು ನಾವು ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅಂದು ಅದರ ರುಚಿ ಕಂಡೆವು.

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಒಡಲಿಗೂ ಅಂಚಿಗೂ ಬೇರೆ ಬೇರೆ ಬಣ್ಣವಿರುವ ಸೀರೆಯನ್ನು ನೇಯಲು ಮೂರು ಲಾಳಿಗಳು ಬೇಕು: ಒಡಲಿಗೆ ಒಂದು, ಎರಡು ಅಂಚುಗಳಿಗೆ ಒಂದೊಂದು. ಆ ಮನೆಯಲ್ಲಿ ತಂದೆ ಗುಂಡಿಮಗ್ಗದಲ್ಲಿ ಕುಳಿತು ನೇಯುತ್ತಿದ್ದರು. ಮಗ ಪಕ್ಕದಲ್ಲಿ ಕುಳಿತು ಅಂಚಿನ ಲಾಳಿಯನ್ನು ಹಿಂದಿರುಗಿಸುತ್ತಿದ್ದ. ಅಂಚಿನ ನೂಲು ಒಡಲಿನ ನೂಲನ್ನು ಪ್ರತಿ ಎಳೆಯಲ್ಲಿಯೂ ಕೊಕ್ಕೆ ಹಾಕಿ ಹಿಡಿಯಬೇಕು. "ಒಂದು ಕಡೆಯವರು ಜಾಸ್ತಿ ಎಳೆದರೆ ಸೀರೆ ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ಅಂಚು ಬಿಡುತ್ತದೆ" ಎಂದು ಆ ಹಿರಿಯರು ತಮ್ಮ ಕಾಯಕದ ಮರ್ಮವನ್ನು ತಿಳಿಸಿದರು. ನಾವು ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಆದರೆ ಮಾತು ಇಬ್ಬರಿಗೂ ತಾಕಿತು.

ಅಲ್ಲಿಂದ ಮುಂದೆ ಅಶೋಕ ಸಿದ್ದಾಪುರದ ದಾರಿ. ಬ್ರಹ್ಮಗಿರಿಯೆಂದು ಕೇಳಿದರೆ ಒಬ್ಬರು ಬಲಕ್ಕೆ ಕೈತೋರಿದರು, ಇನ್ನೊಬ್ಬರು ಎಡಕ್ಕೆ. ದಾರಿ ತಪ್ಪಿ ಕುರಿಮಂದೆಯ ನಡುವೆ ಸಿಕ್ಕಿಕೊಂಡೆವು. ಕುರಿ ಕಾಯುವ ಅಜ್ಜನನ್ನು "ಅಕ್ಷರಗುಂಡು ಎಲ್ಲಿ?" ಎಂದು ಕೇಳಿದೊಡನೆ ಅವರು ಕೋಲಿನಿಂದ ಬೆಟ್ಟದ ಬುಡವನ್ನು ನೇರವಾಗಿ ತೋರಿಸಿದರು. ಪಂಡಿತರ ಹೆಸರಿಗಿಂತ ಜನರ ಹೆಸರೇ ದಾರಿಗೆ ಒದಗಿತು.

ಬೆಳಗ್ಗೆ ಒಂಬತ್ತಕ್ಕೆ ತಲುಪಬೇಕೆಂದು ಹೊರಟವರು ಬ್ರಹ್ಮಗಿರಿಯನ್ನು ಮುಟ್ಟಿದಾಗ ಸಂಜೆ ನಾಲ್ಕೂವರೆಯಾಗಿತ್ತು. ಮಾವಿಲ್ಲ, ಸೀಬೆಯಿಲ್ಲ, ಬೆಟ್ಟ, ಬಂಡೆ, ಒಣಹುಲ್ಲು. ಆ ಒಣನೆಲದ ಕೆಳಗೆ ಒಂದು ದೊಡ್ಡ ನಾಗರಿಕತೆಯ ಕುರುಹುಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿಯೂ ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಈ ನೆಲವನ್ನು ಅಗೆಸಿದಾಗ ಕಲ್ಲಿನ ಕೊಡಲಿಗಳ ಕಾಲ, ಬೃಹತ್ ಶಿಲಾಗೋರಿಗಳ ಕಾಲ, ಶಾತವಾಹನರ ಕಾಲದ ವಸ್ತುಗಳು ಒಂದರ ಮೇಲೊಂದು ಪದರಗಳಲ್ಲಿ ದೊರೆತವು. ಶಾಸನದಲ್ಲಿ ಈ ಊರಿನ ಹೆಸರು ಇಸಿಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನು ಇಸಿಲದ ಮಹಾಮಾತ್ರರಿಗೆ ಅವರ ಆರೋಗ್ಯವನ್ನು ವಿಚಾರಿಸಿ ಕಳುಹಿಸಿದ ಆಜ್ಞೆ ಅದು.

ಬಂಡೆಗೆ ಈಗ ನೆರಳು ಮಾಡಿ ಕಾಪಾಡಿದ್ದಾರೆ. ಮೊದಲು ನಮಗೆ ಏನೂ ಕಾಣಲಿಲ್ಲ. ಮಳೆಗಾಳಿಗಳಿಗೆ ಸವೆದ ಒರಟು ಕಲ್ಲು. ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಪಡುವಣದ ಬಿಸಿಲು ಓರೆಯಾಗಿ ಕಲ್ಲನ್ನು ಸವರಿತು. ಆಳವಿಲ್ಲದ ಕೆತ್ತನೆಯ ಒಳಗೆ ನೆರಳು ತುಂಬಿ, ಒಂದೊಂದೇ ಅಕ್ಷರ ಮೇಲೆದ್ದು ಬಂದಿತು. ನಡುಹಗಲಿನ ಬಿಸಿಲು ನೇರವಾಗಿ ಬಿದ್ದಾಗ ಇಂತಹ ಸವೆದ ಅಕ್ಷರಗಳು ಮುಚ್ಚಿಹೋಗುತ್ತವೆ. ಓರೆಬಿಸಿಲೇ ಅವನ್ನು ಓದಿಸುವುದು. ನಾವು ಹೇಳಿದ ಹೊತ್ತಿಗೆ ತಲುಪಿ ಬೇಗ ಹಿಂದಿರುಗಿದ್ದರೆ ಇದನ್ನು ಕಾಣುತ್ತಿರಲಿಲ್ಲ. ಐದು ಮುಳ್ಳು, ಒಂದು ನಾಯಿ, ಒಂದು ಚೈನು ಸೇರಿ ನಮ್ಮನ್ನು ಸರಿಯಾದ ಗಳಿಗೆಗೆ ಅಲ್ಲಿಗೆ ಮುಟ್ಟಿಸಿದ್ದವು.

ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ನಮಗೆ ಓದಲು ಬಾರದು. ಆದರೆ ಅದರ ಅರ್ಥವನ್ನು ತಂದೆಯವರು ನಮಗೆ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿಸಿದ್ದರು. ತಾಯಿತಂದೆಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು. ಇದು ಪುರಾತನರ ನಡೆ, ಆಯುಸ್ಸನ್ನು ಹೆಚ್ಚಿಸುವಂಥದು. ಒಬ್ಬ ಚಕ್ರವರ್ತಿ ಕಳಿಂಗವನ್ನು ಗೆದ್ದು, ಅಲ್ಲಿನ ರಕ್ತಪಾತಕ್ಕೆ ಮರುಗಿ, ಕೊನೆಗೆ ಕಲ್ಲಿನ ಮೇಲೆ ಕೆತ್ತಿಸಿದ್ದು ಹಿಂದಿನವರು ಮನೆಯಲ್ಲಿ ಹೇಳಿಕೊಡುತ್ತಿದ್ದ ಮಾತನ್ನೇ. ಬಂಧುಗಳ ವಿಷಯದ ಮಾತು ಬಂದಾಗ ಹಿರಿಯರ ದನಿ ನಿಂತಿತು; ಉಳಿದುದನ್ನು ಕಿರಿಯರು ಹೇಳಿ ಮುಗಿಸಿದರು.

ಕೊನೆಯಲ್ಲಿ ಚಪಡನ ಸಹಿಯಿದೆ. ಅವನು ತನ್ನ ಹೆಸರನ್ನು ಬರೆದು, ತಾನು ಲಿಪಿಕಾರನೆಂದೂ ತಿಳಿಸಿದ್ದಾನೆ. ವಿಶೇಷವೆಂದರೆ ಲಿಪಿಕಾರನೆಂಬ ಆ ಮಾತು ಮಾತ್ರ ಖರೋಷ್ಠಿ ಲಿಪಿಯಲ್ಲಿದೆ. ಅದು ಬಲದಿಂದ ಎಡಕ್ಕೆ ಬರೆಯುವ ಲಿಪಿ; ದೂರದ ಗಾಂಧಾರ ಸೀಮೆಯಲ್ಲಿ ಬಳಕೆಯಲ್ಲಿದ್ದುದು. ಚಪಡನು ಆ ಕಡೆಯಿಂದ ಬಂದವನಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಹಿಂದೂಕುಶದ ಸೀಮೆಯ ವಿದ್ಯೆಯನ್ನು ಕಲಿತ ಒಬ್ಬ ಕುಶಲಿ ಚಿನ್ನಹಗರಿಯ ಸೀಮೆಗೆ ಬಂದು, ಕುಕ್ಕರಗಾಲಿನಲ್ಲಿ ಕುಳಿತು, ಪರರ ಆಜ್ಞೆಯನ್ನು ಬರೆದು ಮುಗಿಸಿ, ಕೊನೆಗೆ ತನ್ನ ಕಾಯಕದ ಹೆಸರನ್ನು ತನ್ನ ನಾಡಿನ ಅಕ್ಷರದಲ್ಲಿ ಇಟ್ಟುಹೋದ. ಚಕ್ರವರ್ತಿಯ ಸ್ವಂತ ಹೆಸರು ಈ ಶಾಸನದಲ್ಲಿಲ್ಲ, ದೇವಾನಾಂಪ್ರಿಯನೆಂಬ ಬಿರುದಿದೆ. ಲಿಪಿಕಾರನ ಹೆಸರಿದೆ.

ಶರಣರು ನಮಗೆ ನೆನಪಾದರು. ಜೇಡರ ದಾಸಿಮಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಾದಾರ ಚೆನ್ನಯ್ಯ. ಕಾಯಕವನ್ನು ಹೆಸರಿನ ಮುಂದೆ ಧರಿಸಲು ಅವರು ನಾಚಲಿಲ್ಲ. ಅವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ನೆಲದಲ್ಲಿ ಒಬ್ಬನು ಹೆಸರನ್ನೂ ಕಾಯಕವನ್ನೂ ಜೊತೆಗೆ ಬರೆದಿದ್ದನು. ತಂದೆಯವರು ಅವನನ್ನು ಮಹಾಕಲಾವಿದನೆಂದು ಏಕೆ ಕರೆದರೆಂಬುದು, ಈ ಕಲ್ಲನ್ನು ತೋಟವೆಂದು ಏಕೆ ಕರೆದರೆಂಬುದು ನಮಗೆ ಆಗ ತಿಳಿಯಿತು. ಬಾವಿಯಿಲ್ಲ, ಪಾಳಿಯಿಲ್ಲ, ಪಾಲುದಾರರಿಲ್ಲ. ಆದರೂ ಬಂದವರಿಗೆಲ್ಲ ಫಲ ಕೊಡುತ್ತಿದೆ.

ಹಿಂದಿರುಗುವಾಗ ಕತ್ತಲಾಗಿತ್ತು. ಈರುಳ್ಳಿ ಹೇರಿದ ಸಣ್ಣ ಲಾರಿಯೊಂದರ ಚಾಲಕರು ದಯೆಯಿಟ್ಟು ನಮ್ಮನ್ನೂ ಸೈಕಲ್ಲುಗಳನ್ನೂ ಮೂಟೆಗಳ ಮೇಲೆ ಹತ್ತಿಸಿಕೊಂಡರು. ಚಳಿಗೆ ಒಂದೇ ಶಲ್ಯವನ್ನು ಇಬ್ಬರೂ ಹೊದ್ದು ಕುಳಿತೆವು. ಅದು ಅಷ್ಟು ಹೊತ್ತಿಗೆ ಎರಡು ಕಡೆ ಹರಿದಿತ್ತು. ತಳಕಿನಿಂದ ಚಳ್ಳಕೆರೆಯವರೆಗೆ ತಂದೆಯವರ ಮಾತನ್ನಲ್ಲದೆ ಬೇರೇನನ್ನೂ ಆಡಲಿಲ್ಲ.

ಬ್ರಹ್ಮಗಿರಿಯನ್ನು ನೋಡದ ಓದುಗ ಬಂಧುಗಳು ಮಕ್ಕಳೊಡನೆ ಒಮ್ಮೆ ಹೋಗಿಬರಬೇಕೆಂದು ಬೇಡುತ್ತೇವೆ. ಬಸ್ಸಿನಲ್ಲಿಯೋ ಕಾರಿನಲ್ಲಿಯೋ ಹೋಗುವುದು ಕ್ಷೇಮ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿಗೆ ಅಲ್ಲಿರಬೇಕು. ಕುಡಿಯುವ ನೀರು ಜೊತೆಗಿರಲಿ. ಭಕ್ತಿಯಿಂದಲಾದರೂ ಸರಿಯೇ, ಅಕ್ಷರಗಳ ಮೇಲೆ ನೀರು, ಸೀಮೆಸುಣ್ಣ, ಕುಂಕುಮ ಸೋಕಿಸಬಾರದು. ಮರಳಿ ಬರುವಾಗ ಮೊಳಕಾಲ್ಮೂರಿನ ನೇಕಾರರ ಮಗ್ಗವನ್ನು ನೋಡಿ, ಸಾಧ್ಯವಾದರೆ ನೇಯ್ದವರ ಕೈಯಿಂದಲೇ ಒಂದು ಸೀರೆ ಕೊಂಡರೆ ಆ ಕಾಯಕವೂ ಉಳಿದೀತು.

ಮನೆ ಸೇರಿದಾಗ ರಾತ್ರಿ ಹತ್ತು ದಾಟಿತ್ತು. ತಾಯಿಯವರು ಎಚ್ಚರವಾಗಿಯೇ ಇದ್ದರು. ತೋಟ ಹೇಗಿದೆಯೆಂದು ಕೇಳಿದರು. ಚೆನ್ನಾಗಿದೆಯೆಂದೆವು. ಹದಿನೈದು ದಿನಗಳ ನಂತರ ತಂದೆಯವರ ವರ್ಷದ ಸ್ಮರಣೆಯನ್ನು ಒಂದೇ ಮನೆಯಲ್ಲಿ ನಡೆಸಿದೆವು. ಕೊಳವೆಬಾವಿಯ ನೀರು ಈಗ ಒಂದು ದಿನ ಹಿರಿಯರ ಹೊಲಕ್ಕೆ, ಒಂದು ದಿನ ಕಿರಿಯರ ಹೊಲಕ್ಕೆ ಹಾಯುತ್ತಿದೆ. ಸೋಮವಾರದ ನೀರು ತಾಯಿಯವರ ಹೂವಿನ ಮಡಿಗೆ.